ಕೋರ್ಟು ಏಳುವವರೆಗೆ

ಗಂಗಾವತಿ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿ ನನಗೆ ಇಪ್ಪತ್ತಾರು ವರ್ಷ. ಕಾನೂನು ಓದಿದವನಲ್ಲ, ಆದರೆ ಕಾನೂನು ಓದಿದವರಿಗೆ ಯಾವ ಫೈಲು ಯಾವ ಕಪಾಟಿನಲ್ಲಿದೆ ಎಂದು ಹೇಳಿಕೊಡುವವನು ನಾನೇ. ನಮ್ಮ ಮನೆತನದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಮೊದಲ ಗಂಡಸು ನಾನು. ನಮ್ಮ ಓಣಿಯಲ್ಲಿ ಯಾರಿಗೆ ಸಮನ್ಸ್ ಬಂದರೂ "ಆದೆಪ್ಪ ಏನಂತಾನ ಕೇಳ್ರಿ" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನಾನು ಒಂದು ಗೇಣು ಎತ್ತರವಾದಂತೆ ಅನಿಸುತ್ತಿತ್ತು. ಈಗ ಸುಳ್ಳು ಯಾಕೆ ಹೇಳಲಿ, ಆ ಒಂದು ಗೇಣಿಗಾಗಿ ನಾನು ಸ್ವಂತ ತಂಗಿಯ ಮಗನ ಬಾಳು ಹಾಳು ಮಾಡಿದೆ.

ಬಂದವರಿಗೆಲ್ಲ ನಾನು ಕೊಡುತ್ತಿದ್ದುದು ಒಂದೇ ಔಷಧ: ತಪ್ಪು ಒಪ್ಪಿಕೊ. ಸಣ್ಣ ಹೊಡೆದಾಟದ ಕೇಸು ನಡೆಸುತ್ತ ಕೂತರೆ ಐದಾರು ವರ್ಷ ವಾಯಿದೆ ತಿರುಗಬೇಕು, ವಾಯಿದೆಗೊಂದು ದಿನದ ದುಡಿಮೆ ಬಿಡಬೇಕು. ಒಪ್ಪಿಕೊಂಡರೆ ಸಣ್ಣ ದಂಡ, ಜೊತೆಗೆ 'ಕೋರ್ಟು ಏಳುವವರೆಗೆ ಸಜೆ'. ಅಂದರೆ ಜೈಲಿಲ್ಲ, ಬೇಡಿಯಿಲ್ಲ. ನ್ಯಾಯಾಧೀಶರು ಸಂಜೆ ಪೀಠ ಬಿಟ್ಟು ಏಳುವ ತನಕ ಹಿಂದಿನ ಬೆಂಚಿನ ಮೇಲೆ ಸುಮ್ಮನೆ ಕೂತಿರುವುದು, ಅವರು ಎದ್ದ ಮೇಲೆ ಬಸ್ಸು ಹಿಡಿದು ಮನೆಗೆ ಹೋಗುವುದು. ಹಾಗೆ ನಾನು ಕೂರಿಸಿದವರು ಎಷ್ಟು ಜನವೋ. ಸುಗ್ಗಿಯಲ್ಲಿ ಹೊಸ ಅಕ್ಕಿ ತಂದುಕೊಟ್ಟು ಕೈ ಮುಗಿದು ಹೋಗಿದ್ದಾರೆ. ಆ ಬೆಂಚಿನಿಂದ ಎದ್ದವನ ಹೆಸರಿನ ಮುಂದೆ ಏನು ಬರೆದಿರುತ್ತದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಂಗಿ ದುರಗಮ್ಮ ಗಂಡ ಸತ್ತ ಮೇಲೆ ಉಮಾಪತಿ ಸಾಹುಕಾರರ ಗದ್ದೆಯಲ್ಲಿ ನಾಟಿ ಹಚ್ಚಿಯೇ ಮಗ ಕಾಶಿನಾಥನನ್ನು ಬೆಳೆಸಿದಳು. ಸಾಹುಕಾರರಿಗೆ ಅಕ್ಕಿ ಗಿರಣಿಯಿದೆ, ಕಾಲುವೆಯ ಉದ್ದಕ್ಕೂ ಗದ್ದೆಯಿದೆ. ರಜೆ ಬಂದರೆ ಕಾಶಿಯೂ ಅಲ್ಲೇ ಕೂಲಿ. ನನ್ನ ಮಗಳು ನೇತ್ರಾವತಿ ತೊಟ್ಟಿಲಲ್ಲಿದ್ದಾಗಲೇ ಅವಳು ಕಾಶಿಗೆ ಎಂದು ಮಾತಾಗಿತ್ತು. ಹುಡುಗ ಹತ್ತನೇ ತರಗತಿಯಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದಾಗ ನಾನು ಆ ಮಾತಿಗೆ ಒಂದು ಷರತ್ತು ಸೇರಿಸಿದೆ: ಸರ್ಕಾರಿ ನೌಕರಿ ಹಿಡಿಯಲಿ, ಮರುದಿನವೇ ಅಕ್ಕಿಕಾಳು ಹಾಕಿ ಮದುವೆ. ದುರಗಮ್ಮ ಅದಕ್ಕೂ ತಲೆಯಾಡಿಸಿದಳು.

ಕಾಶಿಗೆ ಹತ್ತೊಂಬತ್ತು ತುಂಬಿದ ವರ್ಷ, ನೀರಿನ ಪಾಳಿಗಾಗಿ ಕಾಲುವೆಯ ತೂಬಿನ ಹತ್ತಿರ ಜಗಳವಾಯಿತು. ಬೆಳಗಿನ ಹೊತ್ತು, ಅವನು ಕಾಲುವೆಗಿಳಿದು ಹೂಳು ತೆಗೆಯುತ್ತಿದ್ದ. ದಂಡೆಯ ಮೇಲೆ ಸಾಹುಕಾರರ ಮಗ ಗವಿಸಿದ್ದೇಶ ಪಕ್ಕದ ಗದ್ದೆಯವನೊಂದಿಗೆ ಮಾತಿಗೆ ಮಾತು ಬೆಳೆಸಿ, ಕಾಶಿಯ ಕೈಯಿಂದ ಸಲಿಕೆ ಕಸಿದುಕೊಂಡು ಆ ಪಕ್ಕದ ಗದ್ದೆಯವನ ತಲೆಗೆ ಹೊಡೆದ. ಆರು ಹೊಲಿಗೆ ಬಿದ್ದವು. ಪೊಲೀಸರು ಗವಿಸಿದ್ದೇಶ, ಕಾಶಿ ಇಬ್ಬರ ಹೆಸರನ್ನೂ ಬರೆದುಕೊಂಡರು. ಜಪ್ತಿಯಾದ ಸಲಿಕೆಯ ಹಿಡಿಕೆಯ ಮೇಲೆ ಕಾಶಿ ಕಾಯಿಸಿದ ಮೊಳೆಯಿಂದ ಸುಟ್ಟು ಬರೆದ ತನ್ನ ಹೆಸರಿತ್ತು.

ಎರಡು ವರ್ಷದ ಮೇಲೆ ಕೇಸು ಪೀಠದ ಮುಂದೆ ಬಂತು. ಅದರ ಹಿಂದಿನ ದಿನ ಸಾಹುಕಾರರು ನನ್ನನ್ನು ಗಿರಣಿಗೆ ಕರೆಸಿದರು. ಅಲ್ಲಿ ನಮ್ಮಂಥವರು ಚೀಲದ ಮೇಲೆ ಕೂರುವುದು ರೂಢಿ. ಅಂದು ಅವರು ನನಗೆ ಕುರ್ಚಿ ತರಿಸಿದರು.

"ಕುಂದ್ರು ಆದೆಪ್ಪ. ನಮ್ಮ ಹುಡುಗನ ಹೆಸರು ಕೆಡಬಾರದು ನೋಡು. ನಿಮ್ಮ ಹುಡುಗ ಹೆಂಗೂ ಒಪ್ಪಿಕೊಂಡು ಸಂಜಿಗೆ ಮನಿಗೆ ಬರ್ತಾನ. ಸಲಿಕಿ ಹಿಡದಾವ ಒಬ್ಬನ ಇದ್ರ ಸಾಕಲ್ಲ ಕೇಸಿಗೆ?"

ನಾನು ಕುರ್ಚಿಯ ತುದಿಯಲ್ಲಿ ಕೂತು "ಹೌದ್ರಿ ಸಾಹುಕಾರ್ರ" ಎಂದೆ. ಅವರು ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ನನಗೆ ಆ ಕುರ್ಚಿಯೇ ಸಾಕಾಯಿತು.

ಮರುದಿನ ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಕಾಶಿಗೆ ಪಾಠ ಹೇಳಿಕೊಟ್ಟೆ.

"ನಾ ಹೊಡದಿಲ್ಲಲ್ರಿ ಮಾವಾ" ಎಂದ.

"ಹೊಡದೀ ಅಂತ ನಾ ಎಲ್ಲಿ ಅಂದೆ? ತಪ್ಪಾಗೈತ್ರಿ ಅನ್ನು, ಮುಗೀತು. ಇಲ್ಲಾಂದ್ರ ಐದು ವರ್ಷ ತಿರಗ್ತಿ. ಸಾಹುಕಾರ್ರನ್ನ ಎದುರು ಹಾಕ್ಕೊಂಡು ನಿಮ್ಮವ್ವ ಯಾರ ಗದ್ದಿಗೆ ಹೋಗಬೇಕು?"

ಅವ್ವನ ಹೆಸರೆತ್ತಿದ ಮೇಲೆ ಅವನು ಮತ್ತೆ ವಾದಿಸಲಿಲ್ಲ. ಇಷ್ಟು ಕೇಳಿದ: "ಎಷ್ಟೊತ್ತಿನ ತನಕ ಕುಂಡ್ರಬೇಕ್ರಿ ಮಾವಾ?"

"ಕೋರ್ಟು ಏಳೋತನಕ. ಅಷ್ಟ."

ನ್ಯಾಯಾಧೀಶರು ಒಳ್ಳೆಯವರು. ಆರೋಪವನ್ನು ಬಿಡಿಸಿ ಹೇಳಿ, ಯಾರಾದರೂ ಒತ್ತಾಯ ಮಾಡಿದ್ದಾರೇನು ಎಂದು ಎರಡು ಸಲ ಕೇಳಿದರು. ಕಾಶಿ ನನ್ನ ಕಡೆ ನೋಡಿದ. ನಾನು ಫೈಲಿನ ದಾರ ಕಟ್ಟುತ್ತಿದ್ದೆ. "ಇಲ್ರಿ" ಎಂದ. ಹನ್ನೊಂದೂವರೆಗೆ ಬೆಂಚಿನ ಮೇಲೆ ಕೂತವನು ಐದರ ತನಕ ಅಲ್ಲಾಡಲಿಲ್ಲ. ಊಟದ ಬಿಡುವಿನಲ್ಲಿ ಮಿರ್ಚಿ, ಮಂಡಕ್ಕಿ ಒಯ್ದು ಕೊಟ್ಟೆ. ಹೋಗಿ ಬರುವವರು ನೋಡುತ್ತಾರೆಂದು ಗೋಡೆಯ ಕಡೆ ತಿರುಗಿ ತಿಂದ.

ಗವಿಸಿದ್ದೇಶ ಒಪ್ಪಿಕೊಳ್ಳಲಿಲ್ಲ. ಅವನ ವಿಚಾರಣೆ ಬೇರೆಯಾಗಿ ನಡೆಯಿತು. ತಲೆ ಒಡೆಸಿಕೊಂಡವನನ್ನು ಸಾಹುಕಾರರು ಅಷ್ಟರಲ್ಲಿ ಸಮಾಧಾನ ಮಾಡಿದ್ದರು. ಅವನು ಸಾಕ್ಷಿಕಟ್ಟೆಯಲ್ಲಿ ನಿಂತು, ಹೊಡೆದವನು ಇವನಲ್ಲ, ಮೊದಲೇ ತಪ್ಪೊಪ್ಪಿಕೊಂಡಿದ್ದಾನಲ್ಲ ಆ ಹುಡುಗ ಎಂದ. ಗವಿಸಿದ್ದೇಶ ಖುಲಾಸೆಯಾದ. ತೀರ್ಪಿನ ನಕಲನ್ನು ನಾನೇ ಗಿರಣಿಗೆ ಒಯ್ದೆ. ಅಂದು ಕುರ್ಚಿ ತರಿಸಲಿಲ್ಲ. ಚೀಲದ ಮೇಲೆ ಕೂತು ಚಹಾ ಕುಡಿದು ಬಂದೆ.

ಐದು ವರ್ಷ ಕಳೆದ ಮೇಲೆ ಪವರ್‌ಮ್ಯಾನ್ ಹುದ್ದೆಗೆ ಅರ್ಜಿ ಕರೆದರು. ಹತ್ತನೇ ತರಗತಿಯ ಅಂಕ, ಜೊತೆಗೆ ಕಂಬ ಹತ್ತುವ ಪರೀಕ್ಷೆ. ಊರ ಹೊರಗೆ ತಂತಿಯಿಲ್ಲದೆ ನಿಂತಿದ್ದ ಹಳೆಯ ಕಂಬವನ್ನು ಕಾಶಿ ದಿನಾ ಬೆಳಿಗ್ಗೆ ಹತ್ತಿ ಇಳಿಯುತ್ತಿದ್ದ. ನೇತ್ರಾವತಿ ಕೆಳಗೆ ನಿಂತು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದಳು. ನಾನು ನೋಡಿಯೂ ನೋಡದವನಂತೆ ಬೈಕು ಓಡಿಸಿಕೊಂಡು ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಖುಷಿಯಾಗುತ್ತಿತ್ತು.

ಆಯ್ಕೆ ಪಟ್ಟಿಯಲ್ಲಿ ಕಾಶಿಯ ಹೆಸರು ಬಂತು. ದುರಗಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಅದರ ಬೆನ್ನಿಗೇ ಪೊಲೀಸ್ ಪರಿಶೀಲನೆಯ ನಮೂನೆ ಬಂತು. ಅದನ್ನು ಹಿಡಿದುಕೊಂಡು ಕಾಶಿ ನನ್ನ ಮನೆಗೆ ಬಂದ. ನೀವು ಯಾವುದಾದರೂ ನ್ಯಾಯಾಲಯದಿಂದ ಶಿಕ್ಷೆಗೊಳಗಾಗಿದ್ದೀರಾ ಎಂಬ ಪ್ರಶ್ನೆಯ ಮೇಲೆ ಬೆರಳಿಟ್ಟ.

"ಇದಕ್ಕ ಹೌದು ಅಂತ ಬರೀಲೇನ್ರಿ ಮಾವಾ? ನಡದದ್ದೆಲ್ಲಾ ಒಂದು ಹಾಳ್ಯಾಗ ಬರದು ಹಚ್ಚಿ ಕೊಡ್ತೀನಿ."

ಅವನು ಹಿಡಿದ ದಾರಿಯೇ ಸರಿಯಾಗಿತ್ತು, ಅದು ನನಗೆ ಗೊತ್ತಿತ್ತು. ಆದರೆ 'ಹೌದು' ಎಂದು ಬರೆದರೆ ಅಂದು ಅವನು ಕೂತದ್ದು ಸಜೆಯೇ ಎಂದಾಗುತ್ತದೆ, ಕೂರಿಸಿದವನು ನಾನು ಎಂದಾಗುತ್ತದೆ. ನೇತ್ರಾವತಿ ಬಾಗಿಲಲ್ಲೇ ನಿಂತಿದ್ದಳು. ಮಗಳ ಮುಂದೆ ಕುಳ್ಳನಾಗಲು ನಾನು ತಯಾರಿರಲಿಲ್ಲ.

"ಇಲ್ಲ ಅಂತ ಬರಿ. ಬೆಂಚಿನ ಮ್ಯಾಲ ಕುಂತದ್ದು ಸಜಾ ಏನಲೇ? ಇಷ್ಟು ವರ್ಷ ನಾ ಕೋರ್ಟಿನ್ಯಾಗ ಕತ್ತೆ ಕಾಯ್ದೀನೇನು?"

ಕಾಶಿ ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದ.

ಎರಡು ತಿಂಗಳಿಗೆ ಪತ್ರ ಬಂತು. ಶಿಕ್ಷೆಯ ವಿಷಯ ಮುಚ್ಚಿಟ್ಟಿದ್ದಕ್ಕಾಗಿ ಆಯ್ಕೆ ರದ್ದು. ಇಬ್ಬರೂ ಕೊಪ್ಪಳಕ್ಕೆ ಹೋದೆವು. ವಿದ್ಯುತ್ ಕಚೇರಿಯಲ್ಲಿ ದ್ರಾಕ್ಷಾಯಿಣಿ ಎಂಬ ಅಧಿಕಾರಿ ಫೈಲು ತರಿಸಿ ನೋಡಿ ಹಣೆ ಒತ್ತಿಕೊಂಡರು.

"ಹೌದು ಅಂತ ಬರದು ಕೊಟ್ಟಿದ್ರ ನಾವು ಮ್ಯಾಲಕ್ಕ ಕಳಸ್ತಿದ್ವಿ. ಸಣ್ಣ ವಯಸ್ಸು, ಸಣ್ಣ ಶಿಕ್ಷಾ ಅಂತ ವಿಚಾರ ಮಾಡಾಕ ದಾರಿ ಇತ್ತು. ಯಲಬುರ್ಗಿ ಕಡೆ ಹುಡುಗ ಒಬ್ಬಾವ ಇಸ್ಪೀಟ ಕೇಸಿನ್ಯಾಗ ದಂಡ ಕಟ್ಟಿದ್ದು ಬರದ್ದ. ಅಂವ ಹೋದ ವಾರ ಡ್ಯೂಟಿಗೆ ಬಂದಾನ. ನಿಮ್ಮದು ಸುಳ್ಳು ಬರದದ್ದಕ್ಕ ಹೋತು. ಇಲ್ಲ ಅಂತ ಬರಿ ಅಂದಾವ್ರು ಯಾರ್ರಿ?"

ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ.

"ಯಾರೂ ಅಂದಿಲ್ರಿ ಮೇಡಂ. ನಾನ ಬರದೆ" ಎಂದ ಕಾಶಿ.

ಆಮೇಲೆ ಆ ಒಂದು ಬೆಂಚು ಅವನು ಹೋದಲ್ಲೆಲ್ಲ ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸಕ್ಕೆ ಪೊಲೀಸ್ ಪ್ರಮಾಣಪತ್ರ ಕೇಳಿದರು, ನೋಡಿ ವಾಪಸ್ ಕಳಿಸಿದರು. ದುಬೈಗೆ ಹೋಗೋಣವೆಂದರೆ ಅಲ್ಲಿಗೂ ಅದೇ ಕಾಗದ. ಪಂಚಾಯ್ತಿ ಚುನಾವಣೆ ಬಂದಾಗ ಓಣಿಯ ಹುಡುಗರು ಕಾಶಿಯನ್ನು ನಿಲ್ಲಿಸಬೇಕೆಂದು ಕೂಗಾಡಿಕೊಂಡು ನನ್ನ ಮನೆಗೆ ಬಂದರು. ನಾಮಪತ್ರದಲ್ಲೂ ಶಿಕ್ಷೆಯ ಪ್ರಶ್ನೆಯಿದೆ ಎಂದೆ, ಅಷ್ಟಕ್ಕೇ ಎದ್ದು ಹೋದರು. ನಿಂತವನು ಗವಿಸಿದ್ದೇಶ. ಅವನು 'ಇಲ್ಲ' ಎಂದು ಬರೆದ. ಅವನು ಬರೆದದ್ದು ನಿಜವೇ ಆಗಿತ್ತು. ಗೆದ್ದೂ ಗೆದ್ದ.

ಒಂದು ದಿನ ದುರಗಮ್ಮ ಗದ್ದೆಯ ಕೆಸರುಗಾಲಲ್ಲೇ ಬಂದು ಹೊಸ್ತಿಲ ಹೊರಗೆ ಕೂತಳು.

"ಅಣ್ಣಾ, ನೌಕರಿ ಹೋತು, ಹೋಗ್ಲಿ. ಕೊಟ್ಟ ಮಾತರ ಉಳಸು. ಹುಡುಗಿ ಬಂದ್ರ ಅಂವ ಒಂದಿಷ್ಟು ನಗ್ತಾನ. ಮನ್ಯಾಗ ಮಾತಾಡೂದ ಬಿಟ್ಟಾನ."

ಕಾಶಿ ಬೀದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದ. ಅಷ್ಟರಲ್ಲಿ ನಾನು ಭಾಗ್ಯನಗರದಲ್ಲಿ ಒಬ್ಬ ಹುಡುಗನನ್ನು ನೋಡಿ ಬಂದಿದ್ದೆ, ಕಾಯಂ ಗುಮಾಸ್ತ. ತಂಗಿಗೆ ಹೇಳಲು ನಾಚಿಕೆಯಾಯಿತು, ನಾಚಿಕೆಗೆ ಸಿಟ್ಟು ಬಂತು.

"ಸಜಾ ಆದವಂಗ ಹೆಂಗ ಕೊಡ್ಲಿ ದುರಗಿ? ನಾಳಿ ಮಂದಿ ಏನಂದಾರು?"

ನಮ್ಮ ಓಣಿಯಲ್ಲಿ ಕಾಶಿಯನ್ನು 'ಸಜಾ ಆದವ' ಎಂದು ಕರೆದ ಮೊದಲ ಮನುಷ್ಯ ನಾನು. ಅವನು ಕೇಳಿಸಿಕೊಂಡ. ದುರಗಮ್ಮ ನನ್ನನ್ನೇ ನೋಡುತ್ತ ಕೂತಳು, ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ನೇತ್ರಾವತಿ ಒಳಗಿನಿಂದ ಬಂದಳು. "ಅಪ್ಪಾ, ಅದು ಸಜಾ ಅಲ್ಲ ಅಂತ ನೀನ ಅಂದಿದ್ದಿ. ನಾ ಇಲ್ಲೇ ನಿಂತಿದ್ನೆಲ್ಲ."

ಅವಳ ಕೆನ್ನೆಗೆ ಹೊಡೆದೆ. ತಾಯಿ ಮಗ ಹೊರಟು ಹೋದರು.

ನೇತ್ರಾವತಿಯ ಮದುವೆ ಭಾಗ್ಯನಗರದ ಹುಡುಗನೊಂದಿಗೆ ನಮ್ಮ ಮನೆಯ ಮುಂದೆಯೇ ಆಯಿತು. ಚಪ್ಪರಕ್ಕೆ ಬೇರೆ ಲೈನು ಎಳೆಯಬೇಕಿತ್ತು. ಗವಿಸಿದ್ದೇಶ ಈಗ ವಿದ್ಯುತ್ ಕೆಲಸದ ಗುತ್ತಿಗೆದಾರನೂ ಹೌದು. "ನಮ್ಮ ಹುಡುಗರನ್ನ ಕಳಸ್ತೀನಿ" ಎಂದ. ಬೆಳಿಗ್ಗೆ ಹೊಸ ಅಂಗಿ ತೊಟ್ಟು ಹೊರಗೆ ಬಂದು ನೋಡಿದರೆ ಮನೆ ಮುಂದಿನ ಕಂಬದ ಮೇಲೆ ಕಾಶಿ. ಕೈಗೆ ಗವಸಿಲ್ಲ, ಸೊಂಟಕ್ಕೆ ಬೆಲ್ಟಿಲ್ಲ. ಗುತ್ತಿಗೆದಾರನ ದಿನಗೂಲಿಗೆ ಕಂಬ ಹತ್ತಲು ಯಾವ ನಮೂನೆಯನ್ನೂ ತುಂಬಬೇಕಾಗಿಲ್ಲ. ಹಳೆಯ ಕಂಬದ ಮೇಲೆ ಹತ್ತುತ್ತಿದ್ದಷ್ಟೇ ಚುರುಕಾಗಿ ಹತ್ತಿದ್ದ.

ಇಳಿದು ಬಂದು "ಲೈನ್ ಬಂತ್ರಿ" ಎಂದ. ಒಳಗೆ ನೇತ್ರಾವತಿಗೆ ಅರಿಶಿನ ಹಚ್ಚುವ ಹಾಡು ನಡೆದಿತ್ತು. ಉಮಾಪತಿ ಸಾಹುಕಾರರು ಬಂದು ನಾನು ಹಾಕಿಸಿದ ಕುರ್ಚಿಯಲ್ಲಿ ಕೂತಿದ್ದರು. ಬೀಗರು ನೋಡುತ್ತಿದ್ದರು. ಅವರ ಕಣ್ಣಿಗೆ ನಾನು ದೊಡ್ಡ ಮನಸ್ಸಿನವನಾಗಿ ಕಾಣಬೇಕಿತ್ತು.

"ಹಂಗ ಹೋಗಬ್ಯಾಡ ಕಾಶಿ. ಉಂಡು ಹೋಗು, ಕುಂದ್ರು" ಎಂದು ಶಾಲೆಯಿಂದ ತರಿಸಿದ ಬೆಂಚು ತೋರಿಸಿದೆ.

ಅವನು ಬೆಂಚನ್ನು ನೋಡಿದ. ಅಂಗೈಯ ಮಸಿ ಪ್ಯಾಂಟಿಗೆ ಒರೆಸಿಕೊಂಡ. ಅಂದು ಬೇವಿನ ಗಿಡದ ಕೆಳಗೆ ಕೇಳಿದ ಅದೇ ದನಿಯಲ್ಲಿ, ಸಿಟ್ಟಿಲ್ಲದೆ, ಕೇಳಿದ:

"ಎಷ್ಟೊತ್ತಿನ ತನಕ ಕುಂಡ್ರಬೇಕ್ರಿ ಮಾವಾ?"

ನಾನು ಬಡಿಸುವವರನ್ನು ಕೂಗಿದೆ. ಅವನು ಬೆಂಚಿನ ತುದಿಗೆ ಕೂತು, ಬಡಿಸಿದ್ದನ್ನು ಗೋಡೆಯ ಕಡೆ ತಿರುಗಿ ಉಂಡ.