‘ಮಾಯ್’ ಅಂದರೆ

“ಈಗ ಬರ್ತೈತಿ ನೋಡ್ರಿ ಅಕ್ಕಾರ, ಕಿವಿಗೊಟ್ಟು ಕೇಳ್ರಿ,” ಎಂದು ಫಿಲೋಮಿನಾ ಟೇಪ್ ರೆಕಾರ್ಡರಿನ ಕಡೆ ಬೆರಳು ಮಾಡಿದಳು. “ಹಾಡಾಂವ ಮಾಯ್, ಮಾಯ್ ಅಂತಾನ. ನಮ್ಮ ಕೊಂಕಣ್ಯಾಗ ಅವ್ವನ್ನ ಹಂಗ ಕರೀತೇವಿ. ಇದು ದೆವ್ವದ ಹಾಡಲ್ಲೇನು?”

ಸುಶೀಲವ್ವ ಬಂಗೂರನಗರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು. ಫಿಲೋಮಿನಾಳ ಮಗ ಜುಜೆ ಅವರ ವಿದ್ಯಾರ್ಥಿ; ತಾಯಿ ಮಗ ಇಬ್ಬರೂ ಟೇಪು ಹಿಡಿದು ಅವರ ಮನೆಗೆ ಬಂದಿದ್ದರು. ಗೋವೆಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅವನ ಅಪ್ಪ ಮಳೆಗಾಲದಲ್ಲಿ ತೀರಿಕೊಂಡಿದ್ದ. ಅಲ್ಲಿಯೇ ಮಣ್ಣು ಮಾಡಿದ್ದರು. ಹಳಿಯಾಳದಾಚೆಯ ಸಿದ್ದಿ ಕೇರಿಗೆ ಬಂದದ್ದು ಅವನ ಟ್ರಂಕು ಮಾತ್ರ. ಅದರೊಳಗೆ ಯಾರೋ ವಿದೇಶಿ ಗಿರಾಕಿ ಕೊಟ್ಟುಹೋದ ಈ ಟೇಪು, ಒಂದು ಇಂಗ್ಲಿಷ್ ಹಾಡಿನ ಕ್ಯಾಸೆಟ್ಟು.

“ಇವನ ಬಾಬಾ ಹೋದಾಗಿಂದ ಒಂದು ಹನಿ ಕಣ್ಣೀರಿಲ್ರಿ, ಮಾತಿಲ್ಲ. ಬರೇ ಇದ ಹಾಡು. ಕೆಟ್ಟದ್ದು ಅಂತ ನೀವು ಅಂದ್ರ, ಇವತ್ತ ಕಾಳಿ ಹೊಳಿಗೆ ಒಗದು ಬಸ್ ಹತ್ತತೇನಿ.”

ಜುಜೆ ಟೇಪನ್ನು ತೊಡೆಯ ಹತ್ತಿರ ಎಳೆದುಕೊಂಡ.

ಸುಶೀಲವ್ವ ಕಣ್ಣು ಮುಚ್ಚಿ ಕೇಳಿದರು. ಮುಗಿಯುವ ಹಾಡೇ ಅಲ್ಲ ಅದು. ಇಗರ್ಜಿಯ ಪ್ರಾರ್ಥನೆಯಲ್ಲಿ ನುಡಿಸಿದ ಹಾಗೆ ಆರ್ಗನ್ನು, ಅದರ ಮೇಲೆ ಒಮ್ಮೆಲೇ ಗಿಟಾರು.

“ಇದೊಂದು ಕನಸು, ಫಿಲೋಮಿನಾ. ಒಬ್ಬಾಂವ ನೀರಾಗಿನ ಮೆಟ್ಟಲಾ ಇಳೀತಾನ. ತಳದಾಗ ಒಂದು ಊರು. ಮನಿಮನಿಗೂ ದೀಪ ಐತಿ, ಮಂದಿ ಇಲ್ಲ. ಬಾಗಲಾ ಬಡದು ಬಡದು ಕೇಳ್ತಾನ.”

“ಯಾರನ್ನ?”

“ಅದನ್ನ ಅಂವ ಹೇಳಂಗಿಲ್ಲ. ‘ಮಾಯ್’ ಅಂದ್ರ ಇಂಗ್ಲಿಷಿನ್ಯಾಗ ‘ನನ್ನ’ ಅಂತ.”

“ಅಯ್ಯ, ಅವ್ವ ಅಲ್ಲೇನು?” ಫಿಲೋಮಿನಾ ನಾಚಿ ಸೆರಗು ಬಾಯಿಗಿಟ್ಟಳು. “ಒಲಿ ಮುಂದ ಕುಂತು ಒಂದೆರಡು ಸಲ ‘ಓ’ ಅಂದೂಬಿಟ್ಟೇನಿ ಅವಂಗ!”

ಜುಜೆಯ ತುಟಿಯಂಚು ಅಲುಗಿತು. ಸುಶೀಲವ್ವ ಅದನ್ನು ನೋಡಿಯೂ ನೋಡದವರಂತೆ ಕುಳಿತರು.

“ನನ್ನ... ಏನ್ರಿ? ಮುಂದ?”

“ಮುಂದ ಏನೂ ಇಲ್ಲ. ಅಷ್ಟಕ್ಕ ನಿಲ್ಲಸ್ತಾನ. ಅದರ ಅರ್ಥ ನನಗೂ ತಿಳೀಲಿಲ್ಲವ್ವಾ.”

“ಪಾಪ, ಬಾಯಿಗೆ ಬರವಲ್ದು ಅವಂಗ.” ಫಿಲೋಮಿನಾ ಮಗನ ಕಡೆ ತಿರುಗಿದಳು. “ನೀ ಹೇಳಪಾ, ಸಾಲಿ ಕಲತಾಂವ. ನನ್ನ... ಏನು?”

ಟೇಪಿನ ದನಿ ಇನ್ನೊಮ್ಮೆ ಅಲ್ಲಿಗೇ ಬಂದು ತಡೆಯಿತು.

“ನನ್ನ ಬಾಬಾ,” ಎಂದ ಜುಜೆ.

ಅಷ್ಟು ಅಂದವನೇ ಬಿಕ್ಕಿದ. ಫಿಲೋಮಿನಾ ಅವನ ತಲೆಯನ್ನು ಭುಜಕ್ಕೆ ಒತ್ತಿಕೊಂಡಳು.

ಸುಶೀಲವ್ವ ಚಹಾ ಮಾಡುವೆನೆಂದು ಎದ್ದು ಒಳಗೆ ಹೋದರು. ನಲ್ಲಿಯನ್ನು ಜೋರಾಗಿ ಬಿಟ್ಟು, ತೊಳೆದಿಟ್ಟ ಕಪ್ಪುಗಳನ್ನೇ ಒಂದೊಂದಾಗಿ ಮತ್ತೆ ತೊಳೆಯತೊಡಗಿದರು.