ಜಾಮೂನನಿಗೊಂದು ಜಾಗ

ಗಾಂಧಿ ಚೌಕದ ಆಟೊದವರು ಒಬ್ಬರಾದ ಮೇಲೊಬ್ಬರು ಒಲ್ಲೆವೆಂದು ತಲೆಯಾಡಿಸಿದರು. ಕೊನೆಗೆ ಸಾದಿಕ ಎಂಬವನೊಬ್ಬ ಆಟೊ ನಿಲ್ಲಿಸಿ, ಸ್ನೇಹಲಳ ಕಾಲಿಗೆ ಅಂಟಿಕೊಂಡಿದ್ದ ಕರಿಯ ರಾಟ್‌ವೀಲರ್ ನಾಯಿಯನ್ನು ದಿಟ್ಟಿಸಿದ.

"ಕಡೀತದೇನ್ರಿ ಅಕ್ಕಾರ?"

"ಬೆಕ್ಕು ಕಂಡರ ನನ್ನ ಹಿಂದ ಅಡಗತದ."

"ಹಂಗಾರ ನಮ್ಮ ಮಾವನಂಗ. ಹತ್ತಸ್ರಿ."

ಹಾರ್ನಿನ ಸದ್ದಿಗೆ ನಾಯಿ ನಡುಗುವುದನ್ನು ಅವನು ಕನ್ನಡಿಯಲ್ಲಿ ಕಂಡ. ಆಮೇಲೆ ಊರು ದಾಟುವತನಕ ಹಾರ್ನ್ ಮುಟ್ಟಲಿಲ್ಲ. "ಸರೀರಿ, ಸರೀರಿ" ಎಂದು ಬಾಯಿಂದಲೇ ಕೂಗುತ್ತ ದಾರಿ ಮಾಡಿಕೊಂಡ.

ಸ್ನೇಹಲ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮದುವೆ ಮುರಿದ ಮೇಲೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದಳು. ಗೆಳತಿಯೊಬ್ಬಳು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಮರಿಯೇ ಈ ಜಾಮೂನ. ಮನೆಗೆ ಬಂದಾಗ ಬಾಗಿಲಲ್ಲಿ ಎದ್ದು ನಿಲ್ಲುವ ಜೀವ ಅದೊಂದೇ. ಆ ಬೇಸಿಗೆಯಲ್ಲಿ, ಅಪಾಯದ ತಳಿಯ ನಾಯಿಗಳನ್ನು ಸಾಕಲು ಪರವಾನಗಿ ಕೊಡಬಾರದೆಂದು ದಿಲ್ಲಿಯಿಂದ ಸುತ್ತೋಲೆ ಬಂತು. ಜಾಮೂನನ ತಳಿಯ ಹೆಸರೂ ಅದರಲ್ಲಿತ್ತು. ಹೈಕೋರ್ಟು ಅದನ್ನು ರದ್ದು ಮಾಡಿತು, ನಿಜ. ಆದರೆ ಓಣಿಯವರ ಎದೆಯೊಳಗಿನ ಹೆದರಿಕೆಯನ್ನು ಯಾವ ಕೋರ್ಟು ರದ್ದು ಮಾಡೀತು?

"ಕೋರ್ಟು ಬಿಟ್ಟರ ಬಿಡಲಿ ಬೇ, ನಾವು ಬಿಡೂದಿಲ್ಲ," ಎಂದಿದ್ದ ಮನೆಯ ಮಾಲೀಕ ಬಸಗೊಂಡಪ್ಪ. "ನಾಯಿ ಕಳಸು, ಇಲ್ಲಾ ಮನಿ ಬಿಡು."

ಬೇರೆ ಮನೆ ಹುಡುಕಿದಳು. ನಾಯಿಯ ಫೋಟೊ ನೋಡುತ್ತಲೇ ಎಲ್ಲರೂ ಕೀಲಿಕೈ ಹಿಂದಕ್ಕಿಟ್ಟುಕೊಂಡರು.

ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಇಟ್ಟಿದ್ದ ಯುನುಸನಿಗೆ ಕಾವಲಿಗೊಂದು ನಾಯಿ ಬೇಕಿತ್ತು. ದ್ರಾಕ್ಷಿ ನಾಯಿಗೆ ಆಗದೆಂದು ಸ್ನೇಹಲ ಫೋನಿನಲ್ಲೇ ಹೇಳಿದ್ದಳು. ಶೆಡ್ಡಿಗೆ ಬಿಡುವುದಿಲ್ಲ, ಮನೆಯ ಅಂಗಳದಲ್ಲೇ ಇರುತ್ತದೆ ಎಂದು ಅವನು ಮಾತು ಕೊಟ್ಟಿದ್ದ. ಸಾದಿಕನ ಆಟೊದಲ್ಲಿ ಹೋಗಿ ನೋಡಿದರೆ ಸುಗ್ಗಿಯ ಭರದಲ್ಲಿ ಅಂಗಳವೂ ಶೆಡ್ಡೇ ಆಗಿತ್ತು. ಕಾಲಿಟ್ಟಲ್ಲೆಲ್ಲ ಒಣದ್ರಾಕ್ಷಿ, ಅಲ್ಲಿಯವರ ಬಾಯಲ್ಲಿ ಮಣೂಕ.

ಯುನುಸನ ತಾಯಿ ಅಬೇದಾ ಎದುರು ಬಂದರು. ಬಂದವರಿಗೆ ನೀರಿಗಿಂತ ಮೊದಲು ಹಿಡಿ ತುಂಬ ಮಣೂಕ ಕೊಡುವುದು ಆ ಮನೆಯ ರೂಢಿ. ಸ್ನೇಹಲಳ ಕೈ ತುಂಬಿಸಿ, ಸಾದಿಕನ ಕೈ ತುಂಬಿಸಿ, "ಇವನೂ ನಮ್ಮನಿಗೆ ಬಂದವನ ಅಲ್ಲೇನು?" ಎನ್ನುತ್ತ ಮುದುಕಿ ಬಾಗಿದರು. ಜಾಮೂನನ ಹತ್ತಿರ ಹೆದರದೆ ಬಾಗಿದವರನ್ನು ಸ್ನೇಹಲ ಅದೇ ಮೊದಲು ನೋಡಿದ್ದು. ನೋಡುತ್ತ ನಿಂತುಬಿಟ್ಟಳು. ಅಷ್ಟರಲ್ಲಿ ಮಣೂಕ ಅವನ ಬಾಯಿ ಸೇರಿತ್ತು.

"ಬ್ಯಾಡ್ರಿ!" ಚೀರಿ, ಮೊಣಕಾಲೂರಿ, ಓಣಿಯೆಲ್ಲ ಹೆದರುತ್ತಿದ್ದ ಆ ಹಲ್ಲುಗಳ ನಡುವೆ ಬೆರಳು ಹಾಕಿ ಒಂದೊಂದನ್ನೂ ಕೆದರಿ ತೆಗೆದಳು. ಜಾಮೂನ ಬಾಯಿ ತೆರೆದುಕೊಂಡು ಸುಮ್ಮನಿದ್ದ.

ಅಬೇದಾರ ಮುಖ ಸಣ್ಣದಾಯಿತು. "ಯಾಕವ್ವಾ, ನಮ್ಮ ಕೈಯಾಂದು ನಿಮ್ಮ ನಾಯಿನೂ ತಿನ್ನಬಾರದೇನು?"

"ಯಮ್ಮಾ, ಹಂಗಲ್ರಿ!" ಸ್ನೇಹಲಳ ಕಣ್ಣು ತುಂಬಿತು. "ನಾಯಿಗೆ ಮಣೂಕ ವಿಷರಿ, ಕಿಡ್ನಿ ಹೋಗ್ತಾವ." ತನ್ನ ಕೈಯೊಳಗಿನ ಹಿಡಿಯನ್ನು ಅವರೆದುರೇ ಬಾಯಿಗೆ ಹಾಕಿಕೊಂಡಳು.

ಮುದುಕಿ ಮಗನ ಕಡೆ ತಿರುಗಿದರು. "ಗೊತ್ತಿದ್ದೂ ನನಗ ಹೇಳಲಿಲ್ಲಲೇ, ದನಾ ಕಾಯವನ!"

"ಮರತೆ ಬೇ. ಬಾಯಿ ಕಟ್ಟಿ, ಸರಪಳಿ ಹಾಕಿ ಇಟ್ಟರಾತು," ಎಂದ ಯುನುಸ.

"ಹಗಲೂ ರಾತ್ರಿ ಬಾಯಿ ಕಟ್ಟಿದರ ಅದೆಂಥ ಬಾಳೇವೋ?" ಅಬೇದಾ ಜಾಮೂನನ ತಲೆ ಸವರಿದರು. "ಬಬಲೇಶ್ವರದಾಗ ನಮ್ಮ ಅಣ್ಣ ರಸೂಲಸಾಬ ಅದಾನ. ಕುರಿ ಸಾಕ್ಯಾನ. ಹೊಲದಾಗ ಬರೇ ಜ್ವಾಳ, ತೊಗರಿ. ಕಟ್ಟೂದಿಲ್ಲ, ಬಿಟ್ಟ ಇಡತಾನ. ಒಯ್ಯವ್ವಾ."

ಸಾದಿಕ ಕೇಳದೆಯೇ ಆಟೊ ತಿರುಗಿಸಿದ.

ಬಬಲೇಶ್ವರದ ಹೊಲದಲ್ಲಿ ರಸೂಲಸಾಬ ಕುರಿಗಳ ನಡುವಿನಿಂದ ಎದ್ದು ಬಂದ. ಜಾಮೂನನ ಕೊರಳಿನ ಹಗ್ಗ ಬಿಚ್ಚಿ ಸ್ನೇಹಲಳ ಕೈಗೇ ಕೊಟ್ಟ. "ಇದು ಇಲ್ಲಿ ಬೇಕಾಗಂಗಿಲ್ಲವ್ವಾ." ಜಾಮೂನ ಕುರಿಗಳನ್ನು ಮೂಸಿದ, ಅವಳ ಹತ್ತಿರ ಓಡಿಬಂದ, ಮತ್ತೆ ಕುರಿಗಳ ಕಡೆ ಹೋದ. ಆಟೊ ಹೊರಟಾಗ ಸ್ವಲ್ಪ ದೂರ ಹಿಂದೆಯೇ ಓಡಿದ. ರಸೂಲಸಾಬ ಸಿಳ್ಳೆ ಹಾಕಿದ. ಜಾಮೂನ ನಿಂತ. ಎತ್ತ ಹೋಗಬೇಕೆಂದು ತಿಳಿಯದೆ ದಾರಿಯ ನಡುವೆಯೇ ನಿಂತುಬಿಟ್ಟ.

ಸಂಜೆ ಬಸಗೊಂಡಪ್ಪನ ಹೆಂಡತಿ ತುಂಗಾಬಾಯಿ ಬಿಸಿರೊಟ್ಟಿ, ಪುಂಡಿಪಲ್ಯದ ತಾಟು ಹಿಡಿದು ಬಂದರು. ಇಷ್ಟು ವರ್ಷಗಳಲ್ಲಿ ಹೊಸ್ತಿಲು ದಾಟಿದವರಲ್ಲ. ಒಳಗೆ ಬಂದು ಕಾಲು ಚಾಚಿ ಕೂತರು.

"ಎಂದಿಂದ ಬರಬೇಕಂತಿದ್ದೆ ಯವ್ವಾ. ಒಬ್ಬಾಕೀನ ಇರತಿ, ಜೀವ ಚುರ್ ಅಂತಿತ್ತು. ಆ ನಾಯಿ ಅಂಜಿಕಿಗೆ ಬರಲಿಲ್ಲ ನೋಡು. ತಿನ್ನು, ಆರತದ."

ತುಂಗಾಬಾಯಿಯ ದನಿಯಲ್ಲಿ ಕಪಟವಿರಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆಯನ್ನೂ ಇಟ್ಟು ತಂದಿದ್ದರು. ಸ್ನೇಹಲ ತುತ್ತು ಮುರಿದಳು. ರೂಢಿಯಂತೆ ಅದನ್ನು ಜಾಮೂನನಿಗೆಂದು ಪಕ್ಕಕ್ಕೆ ಚಾಚಿ, ಮತ್ತೆ ತಾಟಿನಲ್ಲೇ ಇಟ್ಟಳು.

"ಇನ್ನ ದಿನಾ ಬರತೇನಿ," ಎಂದರು ತುಂಗಾಬಾಯಿ.

"ಬರ್ರಿ," ಎಂದಳು ಸ್ನೇಹಲ.