ಮೂಗಿನ ತನಕ ಬಂದ ವರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನುವುದು ಆದೋನಿಯ ಹತ್ತಿ ಮಾರ್ಕೆಟ್ಟಿಗೆಲ್ಲ ಗೊತ್ತು. ಆದರೆ ಆ ದಿನ ನನ್ನ ಸಿಟ್ಟಿಗೆ ಕಾರಣವಾದದ್ದು ನನ್ನ ಮೂಗಲ್ಲ, ಪೆದ್ದಕಡುಬೂರಿನ ಸುಂಕೇಶನ ಮೂಗು.

ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ನಮ್ಮಪ್ಪ ಪಕೀರಪ್ಪನದು ಹತ್ತಿ ಕಮಿಷನ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಒಂದೇ ಫೋನ್ ಲೈನು. ಅಂಗಡಿಯಲ್ಲಿ ಒಂದು ಫೋನು, ಒಳಗೆ ನಮ್ಮಜ್ಜಿ ಹುಲುಗಮ್ಮನ ಮಂಚದ ಪಕ್ಕ ಇನ್ನೊಂದು. ಅಜ್ಜಿಗೆ ಒಂದು ನೇಮವಿತ್ತು. ಮನೆಗೆ ಬಂದವರನ್ನು ಊಟ ಆಯಿತೇ ಎಂದು ಕೇಳದೆ ಬಿಡಬಾರದು, ಫೋನಿನಲ್ಲಿ ಬಂದವರನ್ನೂ ಬಿಡಬಾರದು. ತಪ್ಪು ನಂಬರಿನವರೂ ಅವಳಿಗೆ ಊಟದ ವರದಿ ಒಪ್ಪಿಸಿಯೇ ಫೋನ್ ಇಡುತ್ತಿದ್ದರು.

ಸುಂಕೇಶನನ್ನು ನಾನು ನೋಡಿದ್ದು ಒಂದೇ ಸಲ, ಅವರ ಊರಿನ ಮದುವೆಯೊಂದರ ಪಂಕ್ತಿಯಲ್ಲಿ. ಸಾಂಬಾರಿನ ಬಕೀಟು ಹಿಡಿದು ಬಂದವನು ನಾನು ಸಾಕು ಅಂದರೂ ಕೇಳದೆ ಇನ್ನೊಂದು ಸೌಟು ಹಾಕಿ, ನಕ್ಕು ಹೋದ. ಅಷ್ಟೇ. ಅವತ್ತೇ ನನ್ನ ಮನಸ್ಸು ಕೆಟ್ಟಿತು. ಮದುವೆಯಾದರೆ ಇವನನ್ನೇ ಅಂತ ನಾನು ಗಟ್ಟಿ ಮಾಡಿಕೊಂಡುಬಿಟ್ಟೆ. ಆಮೇಲೆ ಅವನು ಬೋರ್‌ವೆಲ್ ಲಾರಿಯ ಜೊತೆ ರಾಯಪುರದ ಕಡೆ ಕೆಲಸಕ್ಕೆ ಹೋದ. ಅಲ್ಲಿದ್ದಾಗಲೇ ಅವನ ಸೋದರಮಾವ ಯಂಕಣ್ಣ ನಮ್ಮ ಮನೆಗೆ ಸಂಬಂಧ ತಂದ.

ಎಲ್ಲರೂ ಒಪ್ಪಿದರು, ಅಜ್ಜಿಯೊಬ್ಬಳನ್ನು ಬಿಟ್ಟು.

"ಹುಡುಗನ ಮಾರಿ ನೋಡದ ನಾ ಹೂಂ ಅನ್ನಂಗಿಲ್ಲ," ಅಂದಳು.

ಅಜ್ಜಿ ಹೂಂ ಅನ್ನದೆ ನಮ್ಮನೆಯಲ್ಲಿ ಎಮ್ಮೆಯನ್ನೂ ಕೊಳ್ಳುತ್ತಿರಲಿಲ್ಲ. ಆ ದಿನ ಮಧ್ಯಾಹ್ನ ಯಂಕಣ್ಣ ಅಂಗಡಿಯ ಗಾದಿಯ ಮೇಲೆ ಕೂತು ಕಡೆಯ ಮಾತು ಹೇಳಿದ. "ಸಂಜಿ ಬಸ್ಸಿಗೆ ಹೋಗ್ತೀನಿ ಪಕೀರಪ್ಪ. ಅಷ್ಟರಾಗ ಮಾತು ಕೊಟ್ರೆ ಸರೇ. ಇಲ್ಲಂದ್ರ ನಮ್ಮಕ್ಕ ನಾಳೆ ಹಾಲಹರವಿಗೆ ಹೆಣ್ಣು ನೋಡಾಕ ಹೊಂಟಾಳ."

ಸುಂಕೇಶ ರಾಯಪುರದಿಂದ ಫೋಟೋವನ್ನು ಇಮೇಲಿನಲ್ಲಿ ಕಳಿಸಿದ್ದ. ಅದನ್ನು ಇಳಿಸಿ ಅಜ್ಜಿಗೆ ತೋರಿಸಬೇಕು, ಅದೂ ಸಂಜೆಯೊಳಗೆ. ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವಳು ನಾನೇ, ಫೋನ್ ಲೈನಿನಲ್ಲೇ ಇಂಟರ್ನೆಟ್ ತರುವ ಮೋಡೆಮ್ ಜೋಡಿಸಿದವಳೂ ನಾನೇ. ಹೀಗಾಗಿ ನನ್ನ ವರನನ್ನು ನಾನೇ ಎಳೆದು ತರುವ ಕೆಲಸ ನನ್ನ ಕೊರಳಿಗೇ ಬಿತ್ತು.

ಡಯಲ್ ಮಾಡಿದೆ. ಮೋಡೆಮ್ ಕಿರ್ರೋ ಅಂತ ಅರಚಿ ಸುಮ್ಮನಾಯಿತು, ದೀಪ ಹತ್ತಿತು, ಲೈನು ಸಿಕ್ಕಿತು. ಆದರೆ ಒಂದು ಪುಟವೂ ತೆರೆಯಲೊಲ್ಲದು. ತಲೆ ಕೆರೆದುಕೊಂಡು ರೂಟ್ ನೋಡಿದೆ, ಅಂದರೆ ಕಂಪ್ಯೂಟರಿನಿಂದ ಹೊರಟ ಮಾತು ಯಾವ ದಾರಿ ಹಿಡಿಯುತ್ತದೆ ಅನ್ನುವುದನ್ನು. ನಮ್ಮ ಕಂಪ್ಯೂಟರಿಗೆ ಇನ್ನೊಂದು ವೈರು ಇತ್ತು, ಹಿಂದಿನ ಗೋದಾಮಿನ ತೂಕದ ಕಂಪ್ಯೂಟರಿಗೆ ಹೋಗುವಂಥದ್ದು. ಹೊರಗೆ ಹೋಗುವುದೆಲ್ಲ ಅದೇ ವೈರಿನಲ್ಲಿ ಹೋಗಲಿ ಅಂತ ಯಾವತ್ತೋ ಬರೆದು ಮರೆತಿದ್ದೆ. ನಾನು ಸುಂಕೇಶನನ್ನು ಗೋದಾಮಿನ ಹತ್ತಿ ಅಂಡಿಗೆಗಳ ನಡುವೆ ಹುಡುಕುತ್ತಿದ್ದೆ!

ಆ ದಾರಿ ಅಳಿಸಿದೆ. ಹೊರಗಿನದೆಲ್ಲ ಮೋಡೆಮ್ ಕಡೆಯಿಂದಲೇ ಹೋಗಲಿ ಅಂತ ಹೊಸದು ಬರೆದೆ. ಇಮೇಲ್ ತೆರೆಯಿತು. ಫೋಟೋ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಕ್ರಾಪು ಬಂತು. ಹಣೆ ಬಂತು. ಅಪ್ಪ, ಯಂಕಣ್ಣ ಇಬ್ಬರೂ ನನ್ನ ಬೆನ್ನ ಹಿಂದೆ ಬಗ್ಗಿ ನಿಂತರು. ಹುಬ್ಬು ಬಂತು, ಅಲ್ಲಿಗೆ ನಿಂತಿತು.

ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. "ಯಾರ್ರೀ? ಊಟ ಆತೇನ್ರಿ? ... ಏನಪಾ ಹಿಂಗ್ಯಾಕ ಅರಚ್ತೀ, ಹೊಟ್ಟಿ ನೋಯ್ತೈತೇನು?"

ಒಳಗಿನ ಫೋನ್ ಎತ್ತಿದರೆ ಸಾಕು, ಇಂಟರ್ನೆಟ್ ಕಡಿಯುತ್ತಿತ್ತು. ಓಡಿಹೋಗಿ, ಇವತ್ತೊಂದು ದಿನ ಫೋನ್ ಮುಟ್ಟಬೇಡ ಅಂತ ಕೈಮುಗಿದೆ. ಹೂಂ ಅಂದಳು. ಮತ್ತೆ ಡಯಲ್ ಮಾಡಿದೆ. ಕ್ರಾಪು, ಹಣೆ, ಹುಬ್ಬು, ಕಣ್ಣು, ಮೂಗು. ಮತ್ತೆ ನಿಂತಿತು.

"ಅಜ್ಜೀ!"

"ಟಿಣ್ ಅಂತಲ್ಲವಾ! ಅಡಗಿಮನ್ಯಾಗಿಂದ ಎದ್ದು ಬರಾಕ ತಡ ಆತು. ಮನಿಗೆ ಬಂದೋರನ್ನ ಮಾತಾಡಸ್ದ ಹೆಂಗ ಬಿಡ್ಲಿ?"

ನಿಜ, ನಮ್ಮ ಮೋಡೆಮ್ ಹಳೇ ಡಯಲ್ ತಿರುಗಿಸಿದ ಹಾಗೆ ಕಟಕಟ ಅಂತ ನಂಬರ್ ಹಾಕುತ್ತಿತ್ತು. ಒಂದೊಂದು ಕಟಕ್ಕಿಗೂ ಒಳಗಿನ ಫೋನಿನ ಗಂಟೆ ಸಣ್ಣಗೆ ಮಿಡಿಯುತ್ತಿತ್ತು. ಅದನ್ನು ಬದಲಾಯಿಸಿ, ಗುಂಡಿ ಒತ್ತಿದ ಹಾಗೆ ಪೀಂ ಪೀಂ ಅನ್ನುವಂತೆ ಮಾಡಿದೆ. ಇನ್ನು ಟಿಣ್ ಇಲ್ಲ, ಅಜ್ಜಿ ಇಲ್ಲ ಅಂತ ಜಂಬದಿಂದ ಮೂರನೇ ಸಲ ಡಯಲ್ ಮಾಡಿದೆ. ಮೂಗಿನ ತನಕ ಬಂದು ನಿಂತಿತು.

ಈ ಸಲ ಅಜ್ಜಿಯೇ ಅಂಗಡಿಗೆ ಬಂದಳು. "ಶಿರೀಷಾ, ಫೋನು ಬಾಳ ಹೊತ್ತಿಂದ ಸಪ್ಪಳನ ಇಲ್ಲ. ಸತ್ತೈತೇನು ಅಂತ ಎತ್ತಿ ನೋಡ್ದೆ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಜ್ಜಿ ಕಂಪ್ಯೂಟರಿನತ್ತ ಬಗ್ಗಿ ಅರ್ಧ ಸುಂಕೇಶನನ್ನು ನೋಡಿದಳು. "ಕಣ್ಣು ಚಲೋ ಅದಾವು. ಆದ್ರ ಮನಷ್ಯಾ ಇರೋದು ಬಾಯಾಗ. ಬಾಯಿ ಎಲ್ಲೈತಿ?" ಅಂದು ಒಳಗೆ ಹೋದಳು. ಯಂಕಣ್ಣ ಚೀಲ ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟಿದ. ಹಾಲಹರವಿಯ ಆ ಹೆಣ್ಣನ್ನು ನಾನು ನೋಡಿರಲಿಲ್ಲ, ಆದರೂ ಅವಳ ಮೇಲೆ ಉರಿದುಬಿದ್ದೆ. ಸಿಟ್ಟಿಗೆ ಮೋಡೆಮ್ಮನ್ನೇ ಆರಿಸಿಬಿಟ್ಟೆ.

ಆರಿಸಿದ್ದೇ ತಡ, ಫೋನು ನಿಜವಾಗಿ ಹೊಡೆದುಕೊಂಡಿತು. ಅಂಗಡಿಯದನ್ನು ನಾನು ಎತ್ತುವಷ್ಟರಲ್ಲಿ ಒಳಗೆ ಅಜ್ಜಿ ಎತ್ತಿದ್ದಳು.

"ಯಾರ್ರೀ? ಊಟ ಆತೇನ್ರಿ?"

"ಆತವ್ವಾ. ನಿಮ್ದಾತೇನ್ರಿ?" ಅಂತು ಗಂಡುದನಿ. "ನಾನ್ರಿ, ಸುಂಕೇಶ. ಎಸ್‌ಟಿಡಿ ಬೂತಿನಿಂದ ಮಾಡೀನಿ. ಫೋಟೋ ಬಂತೇನ್ರಿ?"

ಅಷ್ಟು ವರ್ಷ ಕೇಳುತ್ತ ಬಂದ ಅಜ್ಜಿಯನ್ನು ಯಾರೂ ತಿರುಗಿ ಕೇಳಿರಲಿಲ್ಲ. ನಾವು ಮನೆಯವರೂ ಕೇಳಿರಲಿಲ್ಲ.

"ಆತಪ್ಪಾ," ಅಂದಳು ಮೆತ್ತಗೆ. "ಸಜ್ಜಿ ರೊಟ್ಟಿ, ಪುಂಡಿಪಲ್ಯ."

"ಅಯ್ಯೋ ಅವ್ವಾ, ಪುಂಡಿಪಲ್ಯ ಅನಬ್ಯಾಡ್ರಿ! ಈ ಊರಾಗ ಅದರ ವಾಸನಿ ಸೈತ ಇಲ್ಲ. ಖಾರ ಮುಂದ ಮಾಡಿದ್ರೇನು? ಬಳ್ಳೊಳ್ಳಿ ಒಗ್ಗರಣಿ ಕೊಟ್ಟಿದ್ರೇನು?"

"ಕೊಟ್ಟಿದ್ದೆನಪ್ಪಾ, ಕೊಟ್ಟಿದ್ದೆ. ಬಾ, ನಿನಗೂ ಮಾಡಿಹಾಕ್ತೀನಿ."

ಅಜ್ಜಿ ಫೋನನ್ನು ಮಂಚದ ಮೇಲೆ ಹಾಗೇ ಇಟ್ಟು, ಸೆರಗು ಸರಿಮಾಡಿಕೊಳ್ಳುತ್ತ ಅಂಗಡಿಗೆ ಬಂದಳು. ಬಾಗಿಲು ದಾಟುತ್ತಿದ್ದ ಯಂಕಣ್ಣನನ್ನು ತಡೆದಳು.

"ಚಪ್ಲಿ ಬಿಡ್ರಿ ಯಂಕಣ್ಣ. ನಂದು ಹೂಂ ಐತಿ."

"ಮಾರಿ ನೋಡ್ಲಿಲ್ಲಲ್ಲ ಅತ್ತಿ?"

"ಮೂಗಿನ ತನಕ ನೋಡೀನಿ. ಬಾಯಿ ಈಗ ಕೇಳೀನಿ. ಸಾಕು ನನಗ."

ಅಪ್ಪ ಗಾದಿಯ ಮೇಲೆ ಕುಸಿದು ನಗತೊಡಗಿದ. ನನಗೆ ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಿಸೀವರ್ ಇನ್ನೂ ನನ್ನ ಕಿವಿಯಲ್ಲೇ ಇತ್ತು, ಅದರಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಇನ್ನೊಬ್ರು ಯಾರೋ ಅದೀರಿ ಅಲ್ಲಿ. ಉಸುರು ಕೇಳ್ತೈತಿ," ಅಂದ ಸುಂಕೇಶ. ಆಮೇಲೆ ದನಿ ತಗ್ಗಿಸಿ ಕೇಳಿದ, "ನಿಮ್ದಾತೇನ್ರಿ ಊಟ?"

"ಇಲ್ರಿ," ಅಂದೆ. "ಮಧ್ಯಾನ್ದಿಂದ ನಿಮ್ಮ ಬಾಯಿ ಹುಡುಕಾಕ್ಹತ್ತೀನಿ."